9-0 ಸೋತ ಕೋಚ್ ಅಂದ್ರೆ ಪ್ರೊಹಾಸ್ಕಾ ಫ್ಲಾಪ್ ತಾನೇ?

ಪ್ರಶ್ನೆ: ಆಸ್ಟ್ರಿಯಾದ ಹರ್ಬರ್ಟ್ ಪ್ರೊಹಾಸ್ಕಾ ಫುಟ್‌ಬಾಲ್ ಮಿಡ್‌ಫೀಲ್ಡರ್ ಆಗಿ ದೊಡ್ಡ ಹೆಸರು, ಒಪ್ಪೋಣ. ಆದರೆ ರಾಷ್ಟ್ರೀಯ ತಂಡದ ಕೋಚ್ ಆಗಿ ಫ್ಲಾಪ್. ಸ್ಪೇನ್ ಎದುರು 9-0 ಸೋತರು, ಅಲ್ವಾ?

ಸೋತಿದ್ದು ನಿಜ. ಫ್ಲಾಪ್ ಅನ್ನೋದು ಸುಳ್ಳು. ಎಷ್ಟು ಸಲ ಉತ್ತರ ಕೊಟ್ಟರೂ ಇದೇ ಪ್ರಶ್ನೆ ಇದೇ ಸ್ಕೋರ್ ಹಿಡಿದುಕೊಂಡು ವಾಪಸ್ ಬರುತ್ತದೆ. ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಆಟಗಾರನ ಬಗ್ಗೆ ಯಾರದ್ದೂ ತಕರಾರಿಲ್ಲ, ಅದನ್ನು ಬೇಗ ಮುಗಿಸೋಣ. ಹುಟ್ಟಿದ್ದು 1955ರಲ್ಲಿ, ವಿಯೆನ್ನಾದಲ್ಲಿ. ಗುಂಗುರು ಕೂದಲಿನಿಂದ ಬಂದ ಅಡ್ಡಹೆಸರು ಷ್ನೆಕರ್ಲ್. 1972ರಲ್ಲಿ ಆಸ್ಟ್ರಿಯಾ ವೀನ್ ಕ್ಲಬ್ ಸೇರಿದರು. 1977ರಲ್ಲಿ ತುರ್ಕಿಯ ಇಜ್ಮಿರ್‌ನಲ್ಲಿ ಬೂಟಿನ ತುದಿಯಿಂದ ಚೆಂಡನ್ನು ಚುಚ್ಚಿ ಒಂದು ಗೋಲು ಹೊಡೆದರು. ಆ ಪಂದ್ಯದಲ್ಲಿ ಬಂದಿದ್ದೇ ಅದೊಂದು ಗೋಲು, 20 ವರ್ಷದ ನಂತರ ಆಸ್ಟ್ರಿಯಾ ವಿಶ್ವಕಪ್‌ಗೆ ಹೋಗಿದ್ದೂ ಅದರಿಂದಲೇ. ಮುಂದಿನ ವರ್ಷ ಕೊರ್ಡೋಬಾದಲ್ಲಿ ಪಶ್ಚಿಮ ಜರ್ಮನಿಯನ್ನು 3-2ರಿಂದ ಮಣಿಸಿದ ತಂಡದಲ್ಲೂ ಅವರಿದ್ದರು. ದೇಶಕ್ಕಾಗಿ ಆಡಿದ್ದು 83 ಪಂದ್ಯ.

ಈಗ ಆ 9-0. 1999ರ ಮಾರ್ಚ್ 27, ವಲೆನ್ಸಿಯಾದ ಮೆಸ್ತಾಯಾ ಮೈದಾನ, ಯೂರೋ 2000ರ (ಯುರೋಪಿನ ದೇಶಗಳ ಟೂರ್ನಿ) ಅರ್ಹತಾ ಪಂದ್ಯ. ಅರ್ಧ ಆಟ ಮುಗಿಯುವಷ್ಟರಲ್ಲೇ 5-0. ವಿರಾಮದಲ್ಲಿ ಡಿಫೆಂಡರ್ ಟೋನಿ ಫೆಫರ್ ಟಿವಿ ಮುಂದೆ ನಿಂತು, ಇನ್ನು ದೊಡ್ಡ ಅಂತರದಲ್ಲಿ ಗೆಲ್ಲೋಕಾಗಲ್ಲ ಅಂತ ಹೇಳಿದ್ದನ್ನು ಆಸ್ಟ್ರಿಯಾದವರು ಇವತ್ತಿಗೂ ಮರೆತಿಲ್ಲ. ಸ್ಪೇನ್‌ನ ರೌಲ್ ಒಬ್ಬರೇ ನಾಲ್ಕು ಗೋಲು ಹೊಡೆದರು. ಪಂದ್ಯದ ನಂತರ ಪ್ರೊಹಾಸ್ಕಾ ರಾಜೀನಾಮೆ ಕೊಟ್ಟರು. ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಅದೇ ತಪ್ಪು.

ಸ್ವಲ್ಪ ಆಚೀಚೆ ನೋಡಿ. ಆ ಗುಂಪಿನಲ್ಲಿ ಸ್ಪೇನ್ 8 ಪಂದ್ಯಗಳಲ್ಲಿ 42 ಗೋಲು ಹೊಡೆದಿತ್ತು. ಮೆಸ್ತಾಯಾಗೆ ಬರುವ ಮುಂಚೆ ಆಸ್ಟ್ರಿಯಾ ಆ ಗುಂಪಿನಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. ಪ್ರೊಹಾಸ್ಕಾ ಹೋದ ಮೇಲೆ ಒಟ್ಟೊ ಬಾರಿಚ್ ಬಂದರು. ಅದೇ ಜೂನ್‌ನಲ್ಲಿ ಇಸ್ರೇಲ್ ಎದುರು 5-0 ಸೋಲು! ಕೋಚ್ ಬದಲಾದರೂ ತಂಡದ ಕಾಯಿಲೆ ವಾಸಿಯಾಗಲಿಲ್ಲ. ಆಟಗಾರರಿಗೆ ವಯಸ್ಸಾಗಿತ್ತು, ಜಾಗ ತುಂಬುವವರು ಇರಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಗೆದ್ದಿದ್ದರ ಲೆಕ್ಕ. ಕ್ಲಬ್ ಕೋಚ್ ಆಗಿ 1991 ಮತ್ತು 1992, ಎರಡೂ ವರ್ಷ ಆಸ್ಟ್ರಿಯಾ ವೀನ್‌ಗೆ ಲೀಗ್ ಗೆಲ್ಲಿಸಿಕೊಟ್ಟರು. 1993ರಲ್ಲಿ ರಾಷ್ಟ್ರೀಯ ತಂಡ ಕೈಗೆ ಬಂತು. ಯೂರೋ 96 ತಪ್ಪಿಹೋಯಿತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ 1998ರ ವಿಶ್ವಕಪ್ ಅರ್ಹತಾ ಸುತ್ತು ನೋಡಿ: ಸ್ವೀಡನ್, ಸ್ಕಾಟ್ಲೆಂಡ್ ಇದ್ದ ಗುಂಪಿನಲ್ಲಿ 10 ಪಂದ್ಯ, 8 ಗೆಲುವು, 1 ಡ್ರಾ, 1 ಸೋಲು, ಮೊದಲ ಸ್ಥಾನ. ಅದಕ್ಕೂ ನಾಲ್ಕು ವರ್ಷ ಹಿಂದೆ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದಿದ್ದ ಸ್ವೀಡನ್ ಅನ್ನು ಎರಡೂ ಸಲ 1-0ರಿಂದ ಸೋಲಿಸಿದರು. ಎರಡೂ ಗೋಲು ಆಂಡ್ರಿಯಾಸ್ ಹೆರ್ಜೋಗ್ ಅವರದ್ದು. ಫ್ಲಾಪ್ ಕೋಚ್‌ಗಳು ಇದನ್ನು ಮಾಡುತ್ತಾರಾ?

ಫ್ರಾನ್ಸ್‌ನಲ್ಲಿ ನಡೆದ ಆ ವಿಶ್ವಕಪ್‌ನಲ್ಲಿ ಮೊದಲ ಸುತ್ತಲ್ಲೇ ಹೊರಬಿದ್ದರು, ಸರಿ. ಆದರೆ ಆ ಮೂರು ಪಂದ್ಯ ನೋಡಿದವರು ಮರೆಯುವುದಿಲ್ಲ. ಕ್ಯಾಮರೂನ್ ಎದುರು ಪಾಲ್ಸ್ಟರ್, ಚಿಲಿ ಎದುರು ವಾಸ್ಟಿಚ್, ಇಟಲಿ ಎದುರು ಹೆರ್ಜೋಗ್, ಮೂವರೂ ಗೋಲು ಹೊಡೆದಿದ್ದು ನಿಗದಿತ ಸಮಯ ಮುಗಿಯುವ ಹೊತ್ತಿಗೆ. ಕೊನೆಯ ಶಿಳ್ಳೆ ಊದುವ ತನಕ ಓಡುವ ತಂಡ ಸುಮ್ನೆ ತಯಾರಾಗಲ್ಲ. ಅದಾದ ಮೇಲೆ ಆಸ್ಟ್ರಿಯಾ ಮತ್ತೆ ವಿಶ್ವಕಪ್‌ಗೆ ಅರ್ಹತೆ ಪಡೆದಿದ್ದು 2026ರ ಟೂರ್ನಿಗೆ. ನಡುವೆ ಬಂದ ಕೋಚ್‌ಗಳಲ್ಲಿ ಯಾರಿಗೂ ಸಾಧ್ಯವಾಗದ್ದನ್ನು ಈ ‘ಫ್ಲಾಪ್’ ಮನುಷ್ಯ ಮಾಡಿದ್ದರು.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಆಟಗಾರನಾಗಿದ್ದಾಗ ಇಟಲಿಯಲ್ಲಿ ಲೀಗ್ ಗೆದ್ದ ಪ್ರೊಹಾಸ್ಕಾ ಮರು ಸೀಸನ್‌ಗೇ ವಿಯೆನ್ನಾಕ್ಕೆ ಯಾಕೆ ವಾಪಸ್ ಬಂದರು? ಆಟ ಕುಸಿದು ಅಲ್ಲ. ಇಟಲಿಯ ಕ್ಲಬ್‌ಗಳು ವಿದೇಶಿ ಆಟಗಾರರಿಗೆ ಮತ್ತೆ ಬಾಗಿಲು ತೆರೆದಿದ್ದೇ 1980ರಲ್ಲಿ, ಅದೂ ಕ್ಲಬ್‌ಗೆ ಒಬ್ಬರು ಮಾತ್ರ. ಆ ಒಂದು ಜಾಗಕ್ಕೆ ಇಂಟರ್ ಮಿಲಾನ್ ಆರಿಸಿಕೊಂಡಿದ್ದು ಪ್ರೊಹಾಸ್ಕಾ ಅವರನ್ನು. 1982ರಲ್ಲಿ ಮಿತಿ ಇಬ್ಬರಿಗೆ ಏರಿತು. ಅವರು ರೋಮಾಕ್ಕೆ ಹೋಗಿ ಬ್ರೆಜಿಲ್‌ನ ಫಾಲ್ಕಾವೊ ಜೊತೆ ಆಡಿದರು. 1942ರ ನಂತರ ಮೊದಲ ಸಲ ರೋಮಾ ಚಾಂಪಿಯನ್ ಆಯಿತು. ಮುಂದಿನ ಸೀಸನ್‌ಗೆ ಬ್ರೆಜಿಲ್‌ನದೇ ಸೆರೆಜೊ ಬಂದರು. ಜಾಗ ಇದ್ದಿದ್ದೇ ಎರಡು, ಫಾಲ್ಕಾವೊ ಅವರನ್ನಂತೂ ಯಾರೂ ಬಿಟ್ಟುಕೊಡುತ್ತಿರಲಿಲ್ಲ. ಪ್ರೊಹಾಸ್ಕಾ ಊರಿಗೆ ಬಂದು 1984, 85, 86, ಮೂರು ವರ್ಷ ಸತತವಾಗಿ ಆಸ್ಟ್ರಿಯಾ ವೀನ್ ಜೊತೆ ಲೀಗ್ ಗೆದ್ದರು.