ಪಕ್ಷವೇ ಇಲ್ಲದೆ ಮುಖ್ಯಮಂತ್ರಿ ಆಗುವುದು ಹೇಗೆ?

ಪ್ರಶ್ನೆ: ಕೆನಡಾದಲ್ಲಿ ಪ್ರಾಂತ್ಯ ಮಟ್ಟದ ಸರ್ಕಾರ ನಡೆಸಿದ ಮೊದಲ ಮೂಲನಿವಾಸಿ ಮಹಿಳೆ ನೆಲ್ಲಿ ಕೋರ್ನೊಯಾ ಯಾವ ಪಕ್ಷಕ್ಕೂ ಸೇರಿರಲಿಲ್ಲವಂತೆ. ಹಾಗಿದ್ದರೆ ಪ್ರೀಮಿಯರ್ (ಅಲ್ಲಿನ ಮುಖ್ಯಮಂತ್ರಿ) ಆದದ್ದು ಹೇಗೆ?

ಕೋರ್ನೊಯಾ ಆಳಿದ್ದು ಕೆನಡಾದ ಉತ್ತರದ ನಾರ್ತ್‌ವೆಸ್ಟ್ ಟೆರಿಟರೀಸ್ ಪ್ರದೇಶವನ್ನು. ಅಲ್ಲಿನ ವಿಧಾನಸಭೆಯಲ್ಲಿ ಪಕ್ಷಗಳೇ ಇಲ್ಲ, ಗೆದ್ದು ಬರುವವರೆಲ್ಲ ಪಕ್ಷೇತರರು. ಈಗಿನ ಕ್ರಮದಲ್ಲಿ 19 ಶಾಸಕರು ಸೇರಿ ಮೊದಲು ಸ್ಪೀಕರ್ ಅನ್ನು ಆರಿಸುತ್ತಾರೆ. ಆಮೇಲೆ ಪ್ರೀಮಿಯರ್ ಹುದ್ದೆಯ ಆಕಾಂಕ್ಷಿಗಳು ಭಾಷಣ ಮಾಡಿ, ಉಳಿದ ಶಾಸಕರ ಪ್ರಶ್ನೆಗಳನ್ನು ಎದುರಿಸಬೇಕು. ಮತದಾನ ಗುಪ್ತ. ಯಾರಿಗೂ ಬಹುಮತ ಸಿಗದಿದ್ದರೆ ಕಡಿಮೆ ಮತ ಬಿದ್ದವರನ್ನು ಬಿಟ್ಟು ಇನ್ನೊಂದು ಸುತ್ತು. ಆರು ಮಂತ್ರಿಗಳನ್ನೂ ಸದನವೇ ಆರಿಸುತ್ತದೆ. ಖಾತೆ ಹಂಚುವುದಷ್ಟೇ ಪ್ರೀಮಿಯರ್ ಕೆಲಸ. ಮಂತ್ರಿಯ ಖಾತೆ ಕಿತ್ತುಕೊಳ್ಳಬಹುದು, ಸಂಪುಟದಿಂದ ಕಳಿಸಬೇಕಾದರೆ ಮತ್ತೆ ಸದನದ ಮುಂದೆಯೇ ಹೋಗಬೇಕು. ಕೋರ್ನೊಯಾ ಕಾಲದಲ್ಲಿ ಶಾಸಕರು 24. ವಿವರಗಳು ಬದಲಾಗಿವೆ, ತಿರುಳು ಇದೇ.

ಅಂದರೆ ಹೈಕಮಾಂಡ್ ಇಲ್ಲ, ಟಿಕೆಟ್ ಇಲ್ಲ, ವಿಪ್ ಇಲ್ಲ. ಸಹಶಾಸಕರು ನಿಮ್ಮನ್ನು ನಂಬಬೇಕು, ಅಷ್ಟೇ. ಆ ನಂಬಿಕೆಯನ್ನು ಕೋರ್ನೊಯಾ ಗಳಿಸಿದ್ದು ಭೂಮಿಯ ಹಕ್ಕಿನ ಹೋರಾಟದಲ್ಲಿ. 1940ರಲ್ಲಿ ಮೆಕೆಂಜಿ ನದಿ ಕಡಲು ಸೇರುವ ಕಡೆಯ ಅಕ್ಲಾವಿಕ್‌ನಲ್ಲಿ ಹುಟ್ಟಿದವರು. ಇನುವಿಕ್‌ನ ಸಿಬಿಸಿ ರೇಡಿಯೋದಲ್ಲಿ ಉದ್ಘೋಷಕಿಯಾಗಿ, ನಿಲಯದ ವ್ಯವಸ್ಥಾಪಕಿಯಾಗಿ ದುಡಿದವರು. ತೈಲ ಕಂಪನಿಗಳು ಆ ಸೀಮೆಗೆ ಕಾಲಿಟ್ಟಾಗ ಅಲ್ಲಿನ ಮೂಲನಿವಾಸಿಗಳಾದ ಇನುವಿಯಾಲುಯಿಟ್ ಜನರ ಹಕ್ಕಿಗಾಗಿ ಕಟ್ಟಿದ 'ಕೋಪ್' ಸಂಘಟನೆಯ ಸ್ಥಾಪಕರಲ್ಲಿ ಒಬ್ಬರು. 1979ರಲ್ಲಿ ಶಾಸಕಿ. 1984ರ ಜೂನ್ 5ರಂದು ಒಟ್ಟಾವಾದ ಕೇಂದ್ರ ಸರ್ಕಾರದೊಂದಿಗೆ ಒಪ್ಪಂದವಾಯಿತು: ಸುಮಾರು 91,000 ಚದರ ಕಿ.ಮೀ. ಭೂಮಿಯ ಒಡೆತನ ಇನುವಿಯಾಲುಯಿಟ್ ಜನರಿಗೆ. ಅದರಲ್ಲಿ ನೆಲದಡಿಯ ತೈಲ, ಖನಿಜದ ಹಕ್ಕೂ ಸೇರಿದ್ದು ಸುಮಾರು 13,000 ಚದರ ಕಿ.ಮೀ.ಗೆ ಮಾತ್ರ. ಈ ಎರಡು ಅಂಕಿಗಳನ್ನು ಬೆರೆಸಿಬಿಡುವವರು ಬಹಳ. ತೈಲ ಕಂಪನಿಯ ಮುಂದೆ ಚೌಕಾಸಿಗೆ ಕೂತಾಗ ಭಾರ ತೂಗುವುದು ಚಿಕ್ಕ ಅಂಕಿಯೇ.

1991ರ ನವೆಂಬರ್‌ನಲ್ಲಿ ಪ್ರೀಮಿಯರ್ ಆದರು. 'ಕೆನಡಾದ ಮೊದಲ ಮಹಿಳಾ ಪ್ರೀಮಿಯರ್' ಎಂದು ಕೆಲವರು ಬರೆಯುವುದು ತಪ್ಪು. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ರಿಟಿಷ್ ಕೊಲಂಬಿಯಾದ ರೀಟಾ ಜಾನ್‌ಸ್ಟನ್ ಆ ಹುದ್ದೆಗೆ ಬಂದಿದ್ದರು, ಪಕ್ಷದ ದಾರಿಯಲ್ಲಿ.

ಈ ಪದ್ಧತಿಯನ್ನು ಆದರ್ಶವೆಂದು ಹೊಗಳುವವರು ಅದರ ತೊಡಕುಗಳನ್ನೂ ನೋಡಬೇಕು. ಪಕ್ಷದ ಪ್ರಣಾಳಿಕೆ ಇಲ್ಲದ್ದರಿಂದ ಮತ ಹಾಕುವಾಗ ಯಾವ ಸರ್ಕಾರ ಬರುತ್ತದೆಂದು ಮತದಾರನಿಗೆ ಗೊತ್ತಿರುವುದಿಲ್ಲ. ಸಂಪುಟ ಸದಾ ಅಲ್ಪಮತದ್ದು: ಇಂದಿನ ಲೆಕ್ಕದಲ್ಲಿ ಸ್ಪೀಕರ್ ಬಿಟ್ಟು ಏಳು ಜನ ಆಡಳಿತದಲ್ಲಿ, ಹನ್ನೊಂದು ಜನ ಎದುರಿಗೆ. ಬಜೆಟ್‌ಗೂ ಒಬ್ಬೊಬ್ಬರನ್ನೇ ಒಪ್ಪಿಸಬೇಕು. ಕೋರ್ನೊಯಾಗೆ ಇನ್ನೂ ಎರಡು ತಲೆನೋವು. ಸರ್ಕಾರಿ ಭೂಮಿ, ಖನಿಜಗಳು ಒಟ್ಟಾವಾ ಹಿಡಿತದಲ್ಲಿದ್ದವು (ಅವು ಕೈಗೆ ಬಂದದ್ದು 2014ರಲ್ಲಿ). ಜೊತೆಗೆ ಅವರ ಅವಧಿಯಲ್ಲೇ, 1993ರಲ್ಲಿ, ನುನಾವುಟ್ ಎಂಬ ಹೊಸ ಪ್ರದೇಶವನ್ನು ಬೇರೆ ಮಾಡುವ ನುನಾವುಟ್ ಕಾಯ್ದೆ ಬಂತು. ತಾವು ಆಳುತ್ತಿದ್ದ ಪ್ರದೇಶವನ್ನು ಎರಡು ಮಾಡುವ ತಯಾರಿಯೂ ಅವರ ಸರ್ಕಾರದ ಹೆಗಲಿಗೇ ಬಿತ್ತು.

1995ರಲ್ಲಿ ಹುದ್ದೆ ಬಿಟ್ಟರು. ಮರುವರ್ಷ 1984ರ ಒಪ್ಪಂದದ ಭೂಮಿ, ಹಣ ನೋಡಿಕೊಳ್ಳುವ ಇನುವಿಯಾಲುಯಿಟ್ ಪ್ರಾದೇಶಿಕ ನಿಗಮದ ಅಧ್ಯಕ್ಷೆಯಾಗಿ 2016ರವರೆಗೆ ಅಲ್ಲೇ ಇದ್ದರು. ಅಲ್ಲೂ ಪಕ್ಷವಿಲ್ಲ, ಅಧ್ಯಕ್ಷರನ್ನು ಆರಿಸುವವರು ಆರು ಊರುಗಳ ಸಮುದಾಯ ನಿಗಮಗಳ ನಿರ್ದೇಶಕರು.