ಮೋರ್ಯರ ಮನೆ

ಸುರಪುರ, ಹುಣಸಗಿ ಕಡೆ 'ಮೋರ್ಯರ ಮನೆ' ಎಂದರೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಗೂಡು. ಮೋರ್ಯರೆಂಬ ಕುಳ್ಳರು ಇವುಗಳಲ್ಲಿ ಬಾಳಿದರೆಂಬುದು ಜನರ ಕತೆ. ಚಪ್ಪಡಿಯಲ್ಲಿ ಬಿಟ್ಟಿರುವ ಚಿಕ್ಕ ಕಿಂಡಿಯನ್ನು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಇವು ಗೋರಿಗಳು, ಪುರಾತತ್ವದ ಮಾತಿನಲ್ಲಿ ಬೃಹತ್ ಶಿಲಾ ಸಮಾಧಿಗಳು. ಕಬ್ಬಿಣ ಬಳಕೆಗೆ ಬಂದ ಕಾಲದವು, ಸ್ಥೂಲವಾಗಿ ಕ್ರಿ.ಪೂ. 1200ರ ನಂತರದ ಸಾವಿರ ವರ್ಷಗಳ ಲೆಕ್ಕ.

ಹೆಸರು ಕೇಳಿ ಮೌರ್ಯ ಅರಸರಿಗೆ ಗಂಟು ಹಾಕುವುದುಂಟು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನ ಇರುವುದರಿಂದ ಶಾಲೆಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಅಶೋಕ ಕ್ರಿ.ಪೂ. 3ನೇ ಶತಮಾನದವನು, ಈ ಗೋರಿ ಕಟ್ಟುವ ರೂಢಿ ಅವನಿಗಿಂತ ನೂರಾರು ವರ್ಷ ಹಳೆಯದು.

ಎಲ್ಲ ಗೋರಿಗಳೂ ಒಂದೇ ಬಗೆಯವಲ್ಲ. ಕೊಡೇಕಲ್ ಹತ್ತಿರದ ರಾಜನಕೋಳೂರಿನಲ್ಲಿ ಚಪ್ಪಡಿ ಗೂಡುಗಳು ನೆಲದ ಮೇಲೇ ಕಾಣುತ್ತವೆ. ಜೇವರ್ಗಿಯವು ಕಲ್ಲುಗುಪ್ಪೆಗಳು: ಸುತ್ತ ಗುಂಡುಗಳ ವರ್ತುಲ, ನಡುವೆ ಕಲ್ಲಿನ ರಾಶಿ, ಹೆಣ ಅದರಡಿಯ ಗುಂಡಿಯಲ್ಲಿ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದ ನಡುವಿನಲ್ಲೇ ಇವನ್ನು ಅಗೆದು ನೋಡಿ ಬರೆದಿಟ್ಟ. ಶಹಾಪುರದ ಬಳಿಯ ವಿಭೂತಿಹಳ್ಳಿಯ ಸಾಲುಗಲ್ಲುಗಳು ಬೇರೆಯೇ ಜಾತಿ, ಗೂಡಿನ ರೂಪವೇ ಅಲ್ಲಿಲ್ಲ. ಅವನ್ನು ಮೋರ್ಯರ ಮನೆ ಎನ್ನಬಾರದು.

ಗೂಡಿನ ಜಾಣತನ ಇರುವುದು ಮೂಲೆಗಳಲ್ಲಿ. ನೆಲದೊಳಗಿನ ಹಲವು ಗೂಡುಗಳಲ್ಲಿ ನಾಲ್ಕು ಚಪ್ಪಡಿಗಳು ಅಂಚಿಗೆ ಅಂಚು ಕೂಡುವುದಿಲ್ಲ. ಒಂದೊಂದೂ ಪಕ್ಕದ್ದನ್ನು ದಾಟಿ ಮುಂದೆ ಚಾಚಿ, ಮೇಲಿನಿಂದ ಸ್ವಸ್ತಿಕದಂತೆ ಕಾಣುತ್ತದೆ. ಹೊರಗಿನ ಮಣ್ಣು ಒತ್ತಿದಷ್ಟೂ ಒಂದಕ್ಕೊಂದು ಬಿಗಿಯುತ್ತವೆ. ನಿಧಿಯಾಸೆಗೆ ಒಂದು ಬದಿ ಅಗೆದರೆ ಸಾಕು, ಆ ಕಡೆಯ ಚಪ್ಪಡಿ ವಾಲಿ ಮುಚ್ಚುಗಲ್ಲು ಜಾರುತ್ತದೆ. ಒಳಗೆ ಚಿನ್ನದ ಕೊಪ್ಪರಿಗೆ ಹುಡುಕುವವರಿಗೆ ಸಾಮಾನ್ಯವಾಗಿ ಸಿಗುವುದು ಎಲುಬು, ಮಡಕೆ, ತುಕ್ಕು ತಿಂದ ಕಬ್ಬಿಣ. ಎಷ್ಟೋ ಕಡೆ ಹೆಣವನ್ನು ಮೊದಲು ಬೇರೆಡೆ ಬಿಟ್ಟು, ಎಲುಬು ಆರಿಸಿ ತಂದು ಇಟ್ಟಿದ್ದಾರೆ. ಹಾಗಾಗಿ ಕಿಂಡಿ ಚಿಕ್ಕದಿದ್ದರೂ ನಡೆಯುತ್ತಿತ್ತು.

ಮಡಕೆಯ ಗುರುತು: ಒಳಗೂ ಬಾಯಂಚಿಗೂ ಕಪ್ಪು, ಹೊರಗೆ ಕೆಂಪು. ಬೋರಲು ಹಾಕಿ ಸುಟ್ಟರೆ ಒಳಕ್ಕೆ ಗಾಳಿ ಆಡದೆ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಮೈ ಮಣ್ಣಿನ ಕಬ್ಬಿಣದಂಶದಿಂದ ಕೆಂಪಾಗುತ್ತದೆ. ಬಣ್ಣ ಬಳಿದದ್ದೆಂದು ಮಕ್ಕಳು ತಪ್ಪು ತಿಳಿಯುತ್ತಾರೆ.

ತರಗತಿ ಕರೆದೊಯ್ಯುವವರು ನವೆಂಬರಿನಿಂದ ಜನವರಿಯೊಳಗೆ ಹೊರಡಲಿ. ಮಳೆಯಲ್ಲಿ ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಕಿತ್ತಿಡಲಾಗದು, ಬೇಸಿಗೆಯಲ್ಲಿ ಬಂಡೆ ಕಾದ ಹೆಂಚು. ಐದೈದು ಮಕ್ಕಳಿಗೆ ಒಂದು ಅಳತೆ ಟೇಪು, ಒಂದು ದಿಕ್ಸೂಚಿ, ಒಂದು ಗೂಡು ಸಾಕು: ಚಪ್ಪಡಿಯ ಉದ್ದ, ಅಗಲ, ದಪ್ಪ, ಕಿಂಡಿ ಯಾವ ದಿಕ್ಕಿಗೆ, ಯಾವ ಮೂಲೆ ಚಾಚಿದೆ, ಇಷ್ಟನ್ನೇ ಬರೆಯಲಿ. ಫೋಟೊ ತೆಗೆಯುವಾಗ ಪಕ್ಕಕ್ಕೆ ಅಳತೆಪಟ್ಟಿ ಇಡದಿದ್ದರೆ ಆಮೇಲೆ ಗಾತ್ರ ತಿಳಿಯುವುದಿಲ್ಲ. ಒಳಗೆ ನುಸುಳಗೊಡಬೇಡಿ, ನೆರಳಿಗೆ ಹಾವು ಚೇಳು ಸೇರಿರುತ್ತವೆ. ಮುಚ್ಚುಗಲ್ಲಿನ ಮೇಲೆ ಗುಂಪಾಗಿ ಕೂತು ಫೋಟೊ ಬೇಡವೇ ಬೇಡ. ಬಿದ್ದ ಮಡಕೆಚೂರನ್ನು ಕಿಸೆಗೆ ಹಾಕಿಕೊಂಡರೆ ಅದು ಯಾವ ಗೂಡಿನದೆಂಬ ಸುಳಿವೇ ಕಳೆದುಹೋಗುತ್ತದೆ. ಇದ್ದಲ್ಲೇ ಚಿತ್ರ ಬಿಡಿಸಿಕೊಂಡು ಬಿಟ್ಟುಬರಲಿ.