ಎಂಆರ್‌ಐ ನಾರ್ಮಲ್ ಬಂದಿದೆ, ಹಾಗಾದರೆ ಖಿನ್ನತೆ ಇಲ್ವಾ?

ಪ್ರಶ್ನೆ: ತಂಗಿಗೆ ತಿಂಗಳುಗಳಿಂದ ಸರಿಯಾಗಿ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ. ಡಾಕ್ಟರ್ ಖಿನ್ನತೆ ಅಂದರು. ಮನೆಯವರ ಸಮಾಧಾನಕ್ಕೆ ತಲೆಯ ಎಂಆರ್‌ಐ ಮಾಡಿಸಿದೆವು. ರಿಪೋರ್ಟ್ ನಾರ್ಮಲ್. ಈಗ ಎಲ್ಲರೂ ‘ಏನೂ ಇಲ್ಲ, ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಅಂತಾರೆ. ಆದರೆ ಖಿನ್ನತೆ ಇರುವವರ ಮೆದುಳಿನ ವೈರಿಂಗ್ ಬೇರೆ ಥರ ಇರುತ್ತದೆ ಅಂತ ಓದಿದ್ದೆ. ಯಾವುದು ನಿಜ?

ಉತ್ತರ: ರಿಪೋರ್ಟ್ ಸರಿ ಇದೆ. ನೀವು ಓದಿದ್ದೂ ತಕ್ಕಮಟ್ಟಿಗೆ ಸರಿ. ತಪ್ಪಿರುವುದು ಮನೆಯವರ ತೀರ್ಮಾನ.

ರಿಪೋರ್ಟಿನ ಕೊನೆಯಲ್ಲಿ ‘ನೋ ಸಿಗ್ನಿಫಿಕೆಂಟ್ ಅಬ್‌ನಾರ್ಮಾಲಿಟಿ’ ಅಂತ ಒಂದು ಸಾಲು ಇರುತ್ತದೆ, ಅಲ್ವಾ? ಅದರ ಅರ್ಥ ಇಷ್ಟೇ: ಗಡ್ಡೆ ಇಲ್ಲ, ರಕ್ತಸ್ರಾವ ಇಲ್ಲ, ಸ್ಟ್ರೋಕ್ ಆದ ಗುರುತಿಲ್ಲ, ಊತ ಇಲ್ಲ. ರೇಡಿಯಾಲಜಿಸ್ಟ್ ಹುಡುಕಿದ್ದೇ ಅವನ್ನು. ಖಿನ್ನತೆ ಇದೆಯಾ ಇಲ್ಲವಾ ಅಂತ ಆ ಚಿತ್ರದಲ್ಲಿ ಅವರು ನೋಡಿಯೇ ಇಲ್ಲ. ನೋಡಲು ಆಗುವುದೂ ಇಲ್ಲ.

ವೈರಿಂಗ್ ನೋಡುವ ಸ್ಕ್ಯಾನ್ ಬೇರೆಯೇ ಇದೆ. ಯಂತ್ರ ಅದೇ ಎಂಆರ್‌ಐ, ಚಿತ್ರ ತೆಗೆಯುವ ಬಗೆ ಬೇರೆ. ಹೆಸರು ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್, ಚಿಕ್ಕದಾಗಿ ಡಿಟಿಐ. ಪೀಟರ್ ಬ್ಯಾಸರ್ ಮತ್ತು ಜೊತೆಗಾರರು 1994ರಲ್ಲಿ ಇದರ ಲೆಕ್ಕಾಚಾರವನ್ನು ಪ್ರಕಟಿಸಿದರು. ಮೆದುಳಿನ ಹೊರಪದರದ ಕೆಳಗೆ ಬಿಳಿಯ ಭಾಗವಿದೆ. ಅದು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸುದ್ದಿ ಒಯ್ಯುವ ನರತಂತುಗಳ ಕಟ್ಟುಗಳು. ಡಿಟಿಐ ಆ ತಂತುಗಳನ್ನು ನೇರವಾಗಿ ನೋಡುವುದಿಲ್ಲ, ನೀರನ್ನು ನೋಡುತ್ತದೆ. ನೀರಿನ ಕಣಗಳು ಒಂದೇ ಸಮನೆ ಅತ್ತಿತ್ತ ಓಡಾಡುತ್ತಿರುತ್ತವೆ. ತಂತುವಿನೊಳಗೆ ಅಡ್ಡಕ್ಕೆ ಹೋಗಲು ಗೋಡೆ ತಡೆಯುತ್ತದೆ, ಉದ್ದಕ್ಕೆ ದಾರಿ ಸಲೀಸು. ಹಲವು ದಿಕ್ಕುಗಳಿಂದ (ಕನಿಷ್ಠ ಆರು, ಸಂಶೋಧನೆಯಲ್ಲಿ ಅದಕ್ಕಿಂತ ತುಂಬಾ ಜಾಸ್ತಿ) ಈ ಓಡಾಟವನ್ನು ಅಳೆದರೆ ತಂತುಗಳು ಯಾವ ಕಡೆ ಹೊರಟಿವೆ ಅಂತ ಊಹಿಸಬಹುದು. ನೀರು ಎಷ್ಟರ ಮಟ್ಟಿಗೆ ಒಂದೇ ದಿಕ್ಕು ಹಿಡಿದಿದೆ ಅನ್ನುವುದಕ್ಕೆ 0ಯಿಂದ 1ರವರೆಗಿನ ಒಂದು ಅಂಕಿ ಕೊಡುತ್ತಾರೆ. ಅದೇ ಎಫ್‌ಎ. ‘ಖಿನ್ನತೆಯಲ್ಲಿ ವೈರಿಂಗ್ ಬದಲಾಗಿದೆ’ ಅನ್ನುವ ಸುದ್ದಿಗಳಲ್ಲಿ ಹೆಚ್ಚಿನವು ನಿಂತಿರುವುದು ಈ ಅಂಕಿಯ ಮೇಲೆ.

ಹಾಗಾದರೆ ಕಂಡದ್ದೇನು? ಈ ವಿಷಯದ ದೊಡ್ಡ ಅಧ್ಯಯನಗಳಲ್ಲೊಂದು ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಗುಂಪಿನದು, 2020ರಲ್ಲಿ ಬಂತು. ಖಿನ್ನತೆಯ 921 ವಯಸ್ಕರನ್ನು 1,265 ಆರೋಗ್ಯವಂತರ ಜೊತೆ ಹೋಲಿಸಿದರು. ನೋಡಿದ 25 ಕಟ್ಟುಗಳಲ್ಲಿ 16ರಲ್ಲಿ ಖಿನ್ನತೆಯವರ ಎಫ್‌ಎ ಸರಾಸರಿ ಕಮ್ಮಿ. ಎಡ-ಬಲ ಮೆದುಳನ್ನು ಜೋಡಿಸುವ ಕಾರ್ಪಸ್ ಕೆಲೋಸಮ್‌ನಲ್ಲಿ ಮತ್ತು ಕೊರೋನಾ ರೇಡಿಯೇಟಾ ಎಂಬ ಕಟ್ಟಿನಲ್ಲಿ ವ್ಯತ್ಯಾಸ ಹೆಚ್ಚು ಕಂಡಿತು. ಹದಿಹರೆಯದವರಲ್ಲಿ ಮಾತ್ರ ಇಂಥ ವ್ಯತ್ಯಾಸ ಸಿಗಲಿಲ್ಲ. ಅವರೂ ಅಷ್ಟೇ ನರಳುತ್ತಾರೆ, ಆದರೆ ಸ್ಕ್ಯಾನಿನ ಅಂಕಿಯಲ್ಲಿ ಕಾಣುವುದಿಲ್ಲ. ನಿಮ್ಮ ಮನೆಯವರಿಗೆ ಇದೊಂದನ್ನು ಹೇಳಿದರೂ ಸಾಕು.

ಇನ್ನು ‘ಸರಾಸರಿ’ ಅನ್ನುವ ಮಾತು. ಗಂಡಸರು ಹೆಂಗಸರಿಗಿಂತ ಸರಾಸರಿ ಎತ್ತರ, ಯಾರೂ ಅಲ್ಲಗಳೆಯಲ್ಲ. ಆದರೂ ‘ಐದಡಿ ಐದಿಂಚು’ ಅಂತಷ್ಟೇ ಹೇಳಿ ಅದು ಗಂಡೋ ಹೆಣ್ಣೋ ಅಂತ ಕೇಳಿದರೆ ನೀವು ತಡವರಿಸುತ್ತೀರಿ. ಖಿನ್ನತೆಯ ಎಫ್‌ಎ ವ್ಯತ್ಯಾಸ ಈ ಎತ್ತರದ ವ್ಯತ್ಯಾಸದ ಮುಂದೆ ಏನೇನೂ ಅಲ್ಲ. ಜರ್ಮನಿಯ ಸಂಶೋಧಕರು 2022ರಲ್ಲಿ 1,809 ಜನರ ಮಾಹಿತಿ ಇಟ್ಟುಕೊಂಡು ಇದನ್ನು ನೇರವಾಗಿಯೇ ಪರೀಕ್ಷಿಸಿದರು. ಖಿನ್ನತೆ ಇರುವವರ ಮತ್ತು ಇಲ್ಲದವರ ಮೆದುಳಿನ ಅಳತೆಗಳು ಶೇ. 87ರಿಂದ 95ರಷ್ಟು ಒಂದರ ಮೇಲೊಂದು ಕೂತಿದ್ದವು. ಒಂದು ಅಳತೆ ನೋಡಿ ‘ಇವರಿಗೆ ಖಿನ್ನತೆ ಇದೆ’ ಅಂತ ಹೇಳಿದರೆ ಸರಿಯಾಗುವುದು ಹೆಚ್ಚೆಂದರೆ ಶೇ. 56ರಷ್ಟು ಸಲ. ಕಣ್ಣು ಮುಚ್ಚಿಕೊಂಡು ಹೇಳಿದರೂ 50 ಸಿಗುತ್ತಿತ್ತು! ಮುಂದೆ 2024ರಲ್ಲಿ ಎಲ್ಲ ಅಳತೆಗಳನ್ನೂ ಕಂಪ್ಯೂಟರಿಗೆ ತುಂಬಿ, ಮಷೀನ್ ಲರ್ನಿಂಗ್ ಹಚ್ಚಿ ನೋಡಿದರೂ ಶೇ. 62 ದಾಟಲಿಲ್ಲ.

ಪತ್ರಿಕೆಗಳಲ್ಲಿ ಬರುವ ಬಣ್ಣಬಣ್ಣದ ಎಳೆಗಳ ಚಿತ್ರದ ಬಗ್ಗೆಯೂ ಹುಷಾರಾಗಿರಿ. ಅದು ಫೋಟೋ ಅಲ್ಲ. ಡಿಟಿಐ ಚಿತ್ರದ ಒಂದು ಚುಕ್ಕೆ ಸುಮಾರು ಎರಡು ಮಿಲಿಮೀಟರ್ ಅಗಲ. ಅಷ್ಟರಲ್ಲಿ ಸಾವಿರಾರು ತಂತುಗಳಿರುತ್ತವೆ, ಒಂದನ್ನೊಂದು ಅಡ್ಡ ಹಾಯುತ್ತಲೂ ಇರುತ್ತವೆ. ಚುಕ್ಕೆಯಿಂದ ಚುಕ್ಕೆಗೆ ದಾರಿ ಹೊಲಿಯುವುದು ಕಂಪ್ಯೂಟರ್. 2017ರಲ್ಲಿ 20 ತಂಡಗಳಿಗೆ ಉತ್ತರ ಮೊದಲೇ ಗೊತ್ತಿದ್ದ ಒಂದು ಕೃತಕ ಮೆದುಳಿನ ಮಾಹಿತಿ ಕೊಟ್ಟು ದಾರಿ ಬಿಡಿಸಿ ಅಂದರು. ಇದ್ದ ಕಟ್ಟುಗಳಲ್ಲಿ ಹೆಚ್ಚಿನವು ಸಿಕ್ಕವು. ಆದರೆ ಇಲ್ಲದ ಕಟ್ಟುಗಳು ಅದಕ್ಕಿಂತ ಜಾಸ್ತಿ ಹುಟ್ಟಿಕೊಂಡವು. ಇನ್ನು ಸ್ಕ್ಯಾನ್ ನಡೆಯುವಾಗ ತಲೆ ಸ್ವಲ್ಪ ಅಲುಗಿದರೂ ಅಂಕಿ ಏರುಪೇರಾಗುತ್ತದೆ. ‘ಮೆದುಳು ಸ್ಕ್ಯಾನ್ ಮಾಡಿ ಖಿನ್ನತೆ ಪತ್ತೆ ಹಚ್ಚುತ್ತೇವೆ’ ಅಂತ ಯಾರಾದರೂ ಪ್ಯಾಕೇಜ್ ಮಾರಲು ಬಂದರೆ ದುಡ್ಡು ಜೇಬಿನಲ್ಲೇ ಇರಲಿ.

ಹಾಗಂತ ಡಿಟಿಐ ಕೊಡುವ ತಂತುಗಳ ಈ ನಕ್ಷೆ ಪೂರ್ತಿ ದಂಡ ಅಲ್ಲ. ನನಗೆ ಈ ಇಡೀ ವಿಷಯದಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದು ಕೆಲಸಕ್ಕೆ ಬಂದ ಒಂದು ಜಾಗ. ನರವಿಜ್ಞಾನಿ ಹೆಲೆನ್ ಮೇಬರ್ಗ್ ಮತ್ತು ತಂಡ ಟೊರಾಂಟೊದಲ್ಲಿ ಯಾವ ಔಷಧಿಗೂ ಬಗ್ಗದ ಖಿನ್ನತೆಯಿದ್ದ ಆರು ಜನರ ಮೆದುಳಿಗೆ ಸಣ್ಣ ವಿದ್ಯುತ್ ತಂತಿ ಇಳಿಸಿದರು. ಫಲಿತಾಂಶ ಪ್ರಕಟವಾದದ್ದು 2005ರಲ್ಲಿ. ಆಪರೇಷನ್ ಟೇಬಲ್ ಮೇಲೆ ರೋಗಿಗಳು ಎಚ್ಚರವಾಗಿಯೇ ಇದ್ದರು. ಕರೆಂಟ್ ಹರಿಸಿದಾಗ ಒಮ್ಮೆಲೇ ಮನಸ್ಸು ಹಗುರಾಯಿತು, ಒಳಗಿನ ಖಾಲಿತನ ಹೋಯಿತು ಅಂದರು. ಕೋಣೆ ಬೆಳಗಿದ ಹಾಗೆ, ಬಣ್ಣಗಳು ಗಾಢವಾದ ಹಾಗೆ ಕಂಡಿತು ಅಂತಲೂ ಹೇಳಿದರು. ಆರು ತಿಂಗಳಾದ ಮೇಲೂ ಆರರಲ್ಲಿ ನಾಲ್ವರು ಚೇತರಿಸಿಕೊಂಡಿದ್ದರು. ಉಳಿದವರಿಗೆ ಯಾಕೆ ಆಗಲಿಲ್ಲ? ಮುಂದೆ ಗೊತ್ತಾದದ್ದು ಏನೆಂದರೆ, ಕರೆಂಟ್ ಒಂದು ಚುಕ್ಕೆಗೆ ತಾಗಿದರೆ ಸಾಲದು, ನಾಲ್ಕು ಕಟ್ಟುಗಳು ಕೂಡುವ ಕವಲಿಗೆ ತಾಗಬೇಕು. ಆ ಕವಲು ಒಬ್ಬೊಬ್ಬರಲ್ಲಿ ಚೂರು ಆಚೀಚೆ. ಹಾಗಾಗಿ ಅಟ್ಲಾಂಟಾದ ತಂಡ ಮೊದಲು ಪ್ರತಿಯೊಬ್ಬರ ತಂತುಗಳ ನಕ್ಷೆ ತೆಗೆದು, ಅದನ್ನು ನೋಡಿಕೊಂಡು ತಂತಿ ಇಳಿಸಿತು. 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ 11 ಜನರಲ್ಲಿ ಒಂಬತ್ತು ಮಂದಿಗೆ ವರ್ಷದ ಹೊತ್ತಿಗೆ ಗುಣ ಕಂಡಿತ್ತು. ತೀರಾ ಚಿಕ್ಕ ಗುಂಪು, ಇನ್ನೂ ಪ್ರಯೋಗದ ಹಂತದ ಚಿಕಿತ್ಸೆ. ನಿಮ್ಮ ತಂಗಿಗೆ ಇದರ ಮಾತೇ ಬರುವುದಿಲ್ಲ. ಆದರೆ ಇಲ್ಲಿ ನಕ್ಷೆ ಕೇಳಿಸಿಕೊಂಡ ಪ್ರಶ್ನೆ ‘ಕಾಯಿಲೆ ಇದೆಯಾ’ ಅಂತಲ್ಲ, ‘ಎಲ್ಲಿ ಮುಟ್ಟಬೇಕು’ ಅಂತ. ಅದಕ್ಕೆ ಉತ್ತರ ಕೊಡಬಲ್ಲದು.

ಹಾಗಾದರೆ ಡಾಕ್ಟರುಗಳು ಎಂಆರ್‌ಐ ಬರೆದುಕೊಡುವುದೇ ಇಲ್ಲವಾ? ಬರೆಯುತ್ತಾರೆ. ಫಿಟ್ಸ್ ಬಂದರೆ, ಕೈಕಾಲಿನ ಒಂದು ಕಡೆ ಬಲ ಕುಂದಿದರೆ, ಹೊಸದಾಗಿ ಜೋರು ತಲೆನೋವು ಶುರುವಾದರೆ, ಇದ್ದಕ್ಕಿದ್ದಂತೆ ಸ್ವಭಾವವೇ ಬದಲಾದರೆ. ಅರವತ್ತು ದಾಟಿದ ಮೇಲೆ ಮೊದಲ ಸಲ ಖಿನ್ನತೆ ಕಾಣಿಸಿಕೊಂಡವರಲ್ಲೂ ನೋಡುವುದುಂಟು. ಬಿಪಿ, ಶುಗರ್ ಇರುವ ಹಿರಿಯರ ಸ್ಕ್ಯಾನಿನಲ್ಲಿ ಬಿಳಿ ಮಚ್ಚೆಗಳು ಕಾಣುತ್ತವೆ. ಅವು ಸಣ್ಣ ರಕ್ತನಾಳಗಳು ಹಾಳಾದ ಗುರುತು. ಆ ವಯಸ್ಸಿನ ಖಿನ್ನತೆಗೂ ಈ ಮಚ್ಚೆಗಳಿಗೂ ನಂಟಿದೆ. ಉಳಿದವರಿಗೆ ಸ್ಕ್ಯಾನಿಗಿಂತ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಇವು ಏರುಪೇರಾದರೂ ಸುಸ್ತು, ಬೇಸರ ಖಿನ್ನತೆಯ ಹಾಗೇ ಕಾಣಬಹುದು.

ಕಾಯಿಲೆ ಗೊತ್ತಾಗುವುದು ಮಾತುಕತೆಯಿಂದಲೇ. ಕನಿಷ್ಠ ಎರಡು ವಾರ ಬೇಸರ ಅಥವಾ ನಿರಾಸಕ್ತಿ, ಜೊತೆಗೆ ನಿದ್ದೆ, ಹಸಿವು, ಸುಸ್ತು, ಗಮನ, ತನ್ನ ಬಗ್ಗೆಯೇ ಕೀಳು ಭಾವನೆ, ಸಾಯುವ ಯೋಚನೆ: ಇವನ್ನೆಲ್ಲ ಕೇಳಿ ತೀರ್ಮಾನಿಸುತ್ತಾರೆ. ನಿಮ್ಮ ಡಾಕ್ಟರ್ ಮಾಡಿದ್ದೂ ಅದನ್ನೇ. ರಿಪೋರ್ಟ್ ನಾರ್ಮಲ್ ಬಂತು ಅಂತ ಮಾತ್ರೆ ನಿಲ್ಲಿಸಬೇಡಿ. ಮುಂದಿನ ಸಲ ‘ಏನೂ ಇಲ್ಲ’ ಅನ್ನುವವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಲ್ಲೇ ಕೇಳಿಸಿ. ಮಧ್ಯೆ ಏನಾದರೂ ಕೇಳಬೇಕು ಅನ್ನಿಸಿದರೆ, ಅದರಲ್ಲೂ ತಂಗಿ ಸಾಯುವ ಮಾತಾಡಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.